ನನ್ನ ತಪ್ಪನ್ನು ನಂಬಿದವರ ಪಟ್ಟಿ

ಕೋಲಾರದ ಡೂಂ ಲೈಟ್ ಸರ್ಕಲ್‌ನಿಂದ ಎರಡು ಬೀದಿ ಆಚೆ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಜಿಲ್ಲೆಯ ಕೆರೆಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡಿಕೊಂಡು ಬಂದಿದ್ದೇನೆ. ಯಾವ ಕೆರೆ, ಎಷ್ಟು ತೂಬು, ಕೋಡಿ ಯಾವ ಕಡೆಗೆ, ಕೋಡಿ ಹರಿದರೆ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ, ಇಷ್ಟೇ. ಒಂದು ರೂಪಾಯಿ ಬರಲ್ಲ. ಹೆಂಡತಿ ಕೇಳಿದರೆ ಇದು ಡಿಟಿಪಿ ಕೆಲಸಕ್ಕೆ ಪ್ರಚಾರ ಅಂತ ಹೇಳುತ್ತೇನೆ, ಅವಳು ನಂಬಲ್ಲ.

ಹೋದ ವರ್ಷ ಒಂದು ದಿನ ಮುಳಬಾಗಿಲು ಕಡೆಯ ಒಬ್ಬ ತಾತ ಹಳೇ ಪಹಣಿ ಜೆರಾಕ್ಸ್ ಮಾಡಿಸೋಕೆ ಬಂದರು. ನನ್ನ ಕಂಪ್ಯೂಟರ್ ಮೇಲೆ ಅವರ ಊರಿನ ಕೆರೆಯ ಮ್ಯಾಪ್ ತೆರೆದಿತ್ತು. ತಾತ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಏನಪ್ಪಾ ಇದು? ಈ ಕೆರೆ ಕೋಡಿ ಮೂಡಲಕ್ಕೆ ಎಲ್ಲಿ ಹೋಗ್ತದೆ? ಪಡುವಲಕ್ಕಲ್ವಾ ಹೋಗೋದು?"

"ಸ್ಯಾಟಲೈಟ್ ಮ್ಯಾಪ್ ನೋಡಿ ಬರೆದಿದ್ದು ತಾತ," ಅಂದೆ.

"ನಮ್ಮಪ್ಪ ನೀರುಗಂಟಿ ಕಣಯ್ಯಾ. ಆ ಕೋಡೀಲಿ ಮೀನು ಹಿಡಿದೋನು ನಾನು."

ನೀರುಗಂಟಿ ಅಂದರೆ ಕೆರೆ ನೀರು ಬಿಡೋ ಕೆಲಸದವನು. ಇನ್ನೇನು ವಾದ ಮಾಡೋದು. ಮಾರನೇ ಭಾನುವಾರ ಬೈಕ್ ಹಾಕಿಕೊಂಡು ಹೋಗಿ ನೋಡಿದೆ. ತಾತ ಹೇಳಿದ್ದೇ ಸರಿ. ನಾನು ಮ್ಯಾಪಿನಲ್ಲಿ ಕಾಲುವೆ ಅಂದುಕೊಂಡಿದ್ದು ಹೊಸ ರಸ್ತೆಯ ಪಕ್ಕದ ಚರಂಡಿ. ನಿಜವಾದ ಕಾಲುವೆಯಲ್ಲಿ ಜಾಲಿ ಬೆಳೆದು ಮುಚ್ಚಿಹೋಗಿತ್ತು, ಮೇಲಿಂದ ಫೋಟೋ ತೆಗೆದರೆ ಕಾಣಲ್ಲ. ಮನೆಗೆ ಬಂದು ಪುಟ ತಿದ್ದಿದೆ, ಹತ್ತು ನಿಮಿಷದ ಕೆಲಸ.

ಆಮೇಲೆ ಹೊಳೆಯಿತು: ಆ ಪುಟ ನಾಲ್ಕು ವರ್ಷದಿಂದ ಹಾಗೇ ಇತ್ತಲ್ಲ. ಅದನ್ನು ನಂಬಿ ಬೇರೆ ಯಾರ್ಯಾರು ತಮ್ಮ ಸೈಟಿನಲ್ಲಿ "ಇಲ್ಲಿ ನೋಡಿ" ಅಂತ ಲಿಂಕ್ ಹಾಕಿಕೊಂಡಿದ್ದಾರೋ? ಬ್ಯಾಕ್‌ಲಿಂಕ್, ಅಂದರೆ ಬೇರೆಯವರು ನಮ್ಮ ಪುಟಕ್ಕೆ ಹಾಕಿದ ಲಿಂಕ್, ಹುಡುಕುವವರು ಸಾಮಾನ್ಯವಾಗಿ ಗೂಗಲ್‌ನಲ್ಲಿ ಮೇಲೆ ಬರಬೇಕು ಅಂತ ಹುಡುಕುತ್ತಾರೆ. ನಾನು ಹುಡುಕಿದ್ದು ಕ್ಷಮೆ ಕೇಳೋಕೆ.

ಇದು ಸುಲಭ ಅಂದುಕೊಂಡಿದ್ದೆ. ಅಲ್ಲ. ವೆಬ್‌ನಲ್ಲಿ ಲಿಂಕ್ ಅನ್ನೋದು ಒನ್ ವೇ ರಸ್ತೆ. ನಾನು ನಿಮ್ಮ ಪುಟಕ್ಕೆ ಲಿಂಕ್ ಹಾಕಿದರೆ ನನಗೆ ಗೊತ್ತು, ನಿಮಗೆ ಗೊತ್ತಾಗಲ್ಲ. ಟೆಡ್ ನೆಲ್ಸನ್ ಅನ್ನೋರು 1960ರ ದಶಕದಲ್ಲೇ ಎರಡೂ ಕಡೆಯಿಂದ ಕಾಣುವ ಲಿಂಕ್ ಇರಬೇಕು ಅಂತ ಯೋಚನೆ ಮಾಡಿದ್ದರು. 1989ರಲ್ಲಿ ಯೂರೋಪಿನ ಸರ್ನ್ ಅನ್ನೋ ಭೌತವಿಜ್ಞಾನ ಸಂಸ್ಥೆಯಲ್ಲಿ ವೆಬ್‌ನ ಯೋಜನೆ ಬರೆದ ಟಿಮ್ ಬರ್ನರ್ಸ್ ಲೀ ಒನ್ ವೇ ಸಾಕು ಅಂತ ಬಿಟ್ಟರು. ಅದಕ್ಕೇ ವೆಬ್ ಇಷ್ಟು ಬೆಳೆಯಿತು, ಯಾರೂ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ, ಇನ್ನೊಬ್ಬರ ಪುಟ ಮುಚ್ಚಿಹೋದರೂ ನಮ್ಮದು ನಿಲ್ಲಲ್ಲ. ನಮ್ಮ ಕೆರೆಗಳೂ ಹೀಗೇ. ಮೇಲಿನ ಕೆರೆಯವರು ಕೋಡಿ ಹರಿಸುವಾಗ ಕೆಳಗಿನವರಿಗೆ ಹೇಳಿ ಕಳಿಸಲ್ಲ. ನೀರು ಬಂದಾಗ ಗೊತ್ತಾಗುತ್ತದೆ. ಎಲ್ಲಿಂದ ಬಂತು ಅಂತ ನೋಡಬೇಕಾದರೆ ಕಾಲುವೆ ಹಿಡಿದು ಮೇಲಕ್ಕೆ ನಡೆಯಬೇಕು.

ಹಾಗೆ ಎಲ್ಲರಿಗಿಂತ ಜಾಸ್ತಿ ನಡೆದವರು ಗೂಗಲ್‌ನವರು. ಲ್ಯಾರಿ ಪೇಜ್, ಸೆರ್ಗೇ ಬ್ರಿನ್ ಇಬ್ಬರೂ 1996ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಮಾಡಿದ ಸರ್ಚ್ ಎಂಜಿನ್‌ನ ಮೊದಲ ಹೆಸರು ಬ್ಯಾಕ್‌ರಬ್. ಯಾವ ಪುಟಕ್ಕೆ ಯಾರು ಲಿಂಕ್ ಹಾಕಿದ್ದಾರೆ ಅಂತ ಹಿಂದಕ್ಕೆ ಲೆಕ್ಕ ಹಾಕೋದೇ ಅದರ ಕೆಲಸ, ಹೆಸರೂ ಅದರಿಂದಲೇ ಬಂತು. ಹಾಗಾಗಿ ನಾನೂ ಅಲ್ಲಿಂದಲೇ ಶುರುಮಾಡಿದೆ.

ಮೊದಲು ಹಳೇ ನೆನಪಿನಲ್ಲಿ ಸರ್ಚ್ ಬಾಕ್ಸಿನಲ್ಲಿ ಲಿಂಕ್ ಅಂತ ಬರೆದು, ಎರಡು ಚುಕ್ಕಿ ಇಟ್ಟು, ನನ್ನ ಸೈಟಿನ ವಿಳಾಸ ಹಾಕಿದೆ. ಹಿಂದೆ ಎಲ್ಲರೂ ಹೀಗೇ ಮಾಡುತ್ತಿದ್ದರು. ಈಗ ಅದು ಕೆಲಸ ಮಾಡಲ್ಲ, 2017ರಲ್ಲಿ ಗೂಗಲ್‌ನವರೇ ಬಿಟ್ಟುಬಿಡಿ ಅಂದರು, ಅದಕ್ಕೂ ಮುಂಚೆ ಅದು ತೋರಿಸುತ್ತಿದ್ದದ್ದು ಪೂರ್ತಿ ಪಟ್ಟಿಯಲ್ಲ, ಸ್ಯಾಂಪಲ್. ಯಾಹೂನವರ ಸೈಟ್ ಎಕ್ಸ್‌ಪ್ಲೋರರ್ ಇದಕ್ಕಿಂತ ಚೆನ್ನಾಗಿತ್ತು, ಯಾರ ಸೈಟ್ ಬೇಕಾದರೂ ಹಾಕಿ ನೋಡಬಹುದಿತ್ತು. ಅದು 2011ರ ನವೆಂಬರ್‌ನಲ್ಲೇ ಮುಚ್ಚಿಹೋಯಿತು.

ಈಗ ಇರುವ ಸರಿಯಾದ ದಾರಿ ಗೂಗಲ್ ಸರ್ಚ್ ಕನ್ಸೋಲ್. ಪುಕ್ಕಟೆ. ಸೈಟ್ ನಮ್ಮದೇ ಅಂತ ಮೊದಲು ತೋರಿಸಬೇಕು, ಡೊಮೇನ್ ಕೊಂಡ ಕಡೆ ಒಂದು ಸಾಲಿನ ಕೋಡ್ ಸೇರಿಸಿದರೆ ಆಯಿತು. ಆಮೇಲೆ ಎಡಗಡೆಯ ಮೆನುವಿನಲ್ಲಿ ಕೆಳಗೆ ಹೋದರೆ ಲಿಂಕ್ಸ್ ಅಂತ ಸಿಗುತ್ತದೆ. ಹೊಸದಾಗಿ ಸೇರಿಸಿದ ಸೈಟಾದರೆ ಒಂದಷ್ಟು ದಿನ ಖಾಲಿ ಇರುತ್ತದೆ, ಗಾಬರಿ ಬೇಡ. ಅಲ್ಲಿ ಹೊರಗಿನ ಲಿಂಕು, ಒಳಗಿನ ಲಿಂಕು ಅಂತ ಎರಡು ಭಾಗ. ಒಳಗಿನದು ಅಂದರೆ ನಮ್ಮದೇ ಒಂದು ಪುಟದಿಂದ ನಮ್ಮದೇ ಇನ್ನೊಂದು ಪುಟಕ್ಕೆ ಇರೋದು. ನಾನು ಮೊದಲ ದಿನ ಆ ದೊಡ್ಡ ಸಂಖ್ಯೆ ನೋಡಿ ಖುಷಿಪಟ್ಟಿದ್ದೆ, ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗೆ.

ಹೊರಗಿನದರಲ್ಲಿ ಸಾವಿರದ ಇನ್ನೂರು ಚಿಲ್ಲರೆ ಇತ್ತು. ಅಬ್ಬಾ ಅಂದುಕೊಂಡು ಒಳಗೆ ಹೋಗಿ ನೋಡಿದರೆ ಒಂಬೈನೂರಕ್ಕೂ ಜಾಸ್ತಿ ಒಂದೇ ಸೈಟಿನಿಂದ ಬಂದಿದ್ದು. ಒಬ್ಬ ಗೆಳೆಯ ತನ್ನ ಸೈಟಿನ ಪಕ್ಕದ ಪಟ್ಟಿಯಲ್ಲಿ ನನ್ನ ಹೆಸರು ಹಾಕಿಕೊಂಡಿದ್ದಾನೆ, ಆ ಪಟ್ಟಿ ಅವನ ಪ್ರತಿ ಪುಟದಲ್ಲೂ ಬರುತ್ತದೆ, ಪ್ರತಿ ಪುಟವೂ ಒಂದೊಂದು ಲಿಂಕ್ ಅಂತ ಲೆಕ್ಕ. ಅದಕ್ಕೇ ಎಷ್ಟು ಲಿಂಕ್ ಅಂತ ನೋಡಬೇಡಿ, ಎಷ್ಟು ಸೈಟ್ ಅಂತ ನೋಡಿ. ಅದನ್ನೂ ನೋಡಿ ಮುಗಿಸಿ, ಕೊನೆಗೆ ನೋಡಬೇಕಾದದ್ದು ಹೊರಗಿನವರು ನಮ್ಮ ಯಾವ ಪುಟಕ್ಕೆ ಜಾಸ್ತಿ ಲಿಂಕ್ ಹಾಕಿದ್ದಾರೆ ಅನ್ನೋದು. ನನ್ನ ಮುಖಪುಟ ಮೊದಲು. ಎರಡನೆಯದು, ನೀವು ಊಹಿಸಿದ ಹಾಗೆ, ಆ ತಪ್ಪು ಪುಟ.

ಎದೆ ಧಸಕ್ಕೆಂದಿತು.

ಅದಕ್ಕೇ ಯಾಕೆ ಅಷ್ಟು ಲಿಂಕ್ ಅಂತ ಯೋಚಿಸಿದರೆ ಕಾರಣ ಇತ್ತು. ನಮ್ಮದು ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ತುಂಬಿಕೊಂಡು ಹೋಗೋದು. ಆ ನೀರು ಒಳ್ಳೇದೋ ಕೆಟ್ಟದ್ದೋ ಅನ್ನೋ ಜಗಳ ಒಂದು ಕಡೆ ಇರಲಿ, ಅವತ್ತಿನಿಂದ ಪ್ರತಿ ಊರಿನವರಿಗೂ ಒಂದೇ ಪ್ರಶ್ನೆ: ನಮ್ಮ ಕೆರೆಗೆ ಮೇಲಿನಿಂದ ಯಾವ ಕೆರೆ ನೀರು ಬರುತ್ತೆ? ಅದನ್ನು ಕನ್ನಡದಲ್ಲಿ ಬರೆದಿಟ್ಟವರು ಕಡಿಮೆ, ಹಾಗಾಗಿ ನನ್ನ ಪುಟಕ್ಕೆ ಬೆಲೆ ಬಂದಿತ್ತು. ಮೂಡಲ ದಿಕ್ಕಿನ ಊರಿನ ಯುವಕರ ಒಂದು ಸಂಘದವರ ಪುಟದಲ್ಲಿ, ನನ್ನ ಲಿಂಕ್ ಹಾಕಿ, ಇದರ ಪ್ರಕಾರ ಆ ಕೆರೆ ತುಂಬಿದರೆ ಮುಂದಿನ ಸರದಿ ನಮ್ಮ ಕೆರೆಯದು ಅಂತ ಬರೆದಿದ್ದರು. ಚರಂಡಿ ನೋಡಿ ನಾನು ಬರೆದ ಒಂದು ಸಾಲಿಗೆ ಒಂದು ಊರು ಆಸೆ ಇಟ್ಟುಕೊಂಡು ಕೂತಿತ್ತು.

ಆಗ ಪೂರ್ತಿ ಪಟ್ಟಿ ಬೇಕೇಬೇಕು ಅನ್ನಿಸಿತು.

ಸರ್ಚ್ ಕನ್ಸೋಲ್ ಪೂರ್ತಿ ಕೊಡಲ್ಲ. ಪರದೆ ಮೇಲೆ ಒಂದು ಪಟ್ಟಿಗೆ 1,000 ಸಾಲಷ್ಟೇ, ಎಕ್ಸ್‌ಪೋರ್ಟ್ ಮಾಡಿದರೆ 1,00,000ದವರೆಗೆ ಸಿಗುತ್ತದೆ. ಅದೂ ಸ್ಯಾಂಪಲ್ಲೇ. ಬಿಂಗ್‌ನವರ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲೂ ನೋಡಿದೆ. ಲಿಂಕ್‌ಗಳ ಲೆಕ್ಕ ಇಡುವ ಏಹ್ರೆಫ್ಸ್ ಅನ್ನೋ ಕಂಪನಿಯದು ದುಬಾರಿ, ಆದರೆ ನಮ್ಮ ಸ್ವಂತ ಸೈಟನ್ನು ನೋಡಿಕೊಳ್ಳೋಕೆ ಪುಕ್ಕಟೆ ಖಾತೆ ಕೊಡುತ್ತಾರೆ, ಅದನ್ನೂ ಮಾಡಿಕೊಂಡೆ. ಮೂರೂ ಕಡೆ ಮೂರು ಲೆಕ್ಕ. ಯಾವುದು ಸರಿ ಅಂತ ತಲೆ ಕೆಡಿಸಿಕೊಳ್ಳೋದು ದಂಡ. ಪ್ರತಿಯೊಬ್ಬರೂ ತಮ್ಮದೇ ರೋಬೋಟನ್ನು ವೆಬ್ ತುಂಬ ಓಡಾಡಿಸಿ, ಅದರ ಕಣ್ಣಿಗೆ ಬಿದ್ದದ್ದನ್ನು ಬರೆದುಕೊಳ್ಳುತ್ತಾರೆ. ಮೂವರು ಬೇರೆ ಬೇರೆ ದಾರಿಯಲ್ಲಿ ಸಂತೆ ಸುತ್ತಿ ಬಂದರೆ ಮೂವರೂ ನೋಡಿದ ಅಂಗಡಿ ಒಂದೇ ಆಗಿರುತ್ತಾ? ಮೂರು ಪಟ್ಟಿಯನ್ನೂ ಎಕ್ಸೆಲ್‌ಗೆ ಹಾಕಿ, ಒಂದೇ ಇರುವುದನ್ನು ತೆಗೆದೆ.

ಉಳಿದದ್ದರಲ್ಲಿ ಮುಕ್ಕಾಲು ಪಾಲು ಕಸ. ವಾಲ್‌ಪೇಪರ್ ಸೈಟು, ಯಾವುದೋ ದೇಶದ ಡೊಮೇನ್ ಬೆಲೆ ಹೇಳುವ ಸೈಟು, ಏನೇನೋ ಸೈಟುಗಳ ಹೆಸರನ್ನು ಸಾಲಾಗಿ ಗುಡ್ಡೆ ಹಾಕಿದ ಪುಟ. ಇವು ತಾವಾಗೇ ಬಂದು ಅಂಟಿಕೊಳ್ಳುತ್ತವೆ. ಇವನ್ನು ನೋಡಿ ಹೆದರಿ, ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಹೇಳುವ ಡಿಸವೋ ಅನ್ನೋ ಪಟ್ಟಿ ಮಾಡಿ ಗೂಗಲ್‌ಗೆ ಕೊಡುವವರಿದ್ದಾರೆ. ಅದು 2012ರಲ್ಲಿ ಬಂದ ಸೌಕರ್ಯ, ದುಡ್ಡು ಕೊಟ್ಟು ಲಿಂಕ್ ಕೊಂಡು ಸಿಕ್ಕಿಹಾಕಿಕೊಂಡವರಿಗೆ. ಬಹಳಷ್ಟು ಸೈಟುಗಳಿಗೆ ಅದರ ಅಗತ್ಯವೇ ಇಲ್ಲ ಅಂತ ಗೂಗಲ್‌ನವರೇ ಹೇಳುತ್ತಾರೆ. ನಾನು ಮುಟ್ಟಲಿಲ್ಲ. ಸಾವಿರ ಲಿಂಕ್ ಇಷ್ಟು ರೂಪಾಯಿಗೆ ಕೊಡುತ್ತೇವೆ ಅಂತ ವಾರಕ್ಕೊಂದು ಮೇಲ್ ಬರುತ್ತದಲ್ಲ, ಅದಕ್ಕೂ ಉತ್ತರ ಕೊಡಬೇಡಿ. ಊರಲ್ಲಿ ದುಡ್ಡು ಕೊಟ್ಟು ಜೈಕಾರ ಹಾಕಿಸಿಕೊಂಡವರ ಕಥೆ ಗೊತ್ತಲ್ವಾ?

ಟೂಲ್‌ಗಳಿಗೆ ಕಾಣದ್ದು ಸರ್ವರ್ ಲಾಗ್‌ನಲ್ಲಿ ಸಿಕ್ಕಿತು, ಅಂದರೆ ನಮ್ಮ ಸೈಟ್ ಇರುವ ಕಂಪ್ಯೂಟರ್ ಯಾವ ಪುಟ ಯಾವಾಗ ಕೇಳಿದರು ಅಂತ ಬರೆದಿಡುವ ದಿನಚರಿಯಲ್ಲಿ. ಹೋಸ್ಟಿಂಗ್‌ನವರು ಕೊಡುವ ಸಿಪ್ಯಾನೆಲ್ ಅನ್ನೋ ನಿಯಂತ್ರಣ ಪುಟದಲ್ಲಿ ರಾ ಆಕ್ಸೆಸ್ ಅಂತ ಇರುತ್ತದೆ, ಅಲ್ಲಿಂದ ಲಾಗ್ ಇಳಿಸಿಕೊಳ್ಳಬಹುದು. ಒಬ್ಬರು ಇನ್ನೊಂದು ಸೈಟಿನಲ್ಲಿ ಲಿಂಕ್ ಒತ್ತಿ ನಮ್ಮಲ್ಲಿಗೆ ಬಂದರೆ, ಬಂದದ್ದು ಎಲ್ಲಿಂದ ಅಂತ ಅವರ ಬ್ರೌಸರ್ ನಮಗೆ ಹೇಳುತ್ತದೆ. ಅದಕ್ಕೆ ರೆಫರರ್ ಅನ್ನುತ್ತಾರೆ. ಇದರಲ್ಲೊಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ ಆ ಪದದ ನಡುವೆ ಎರಡು ಆರ್ ಇರಬೇಕು, ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ನಿಯಮಕ್ಕೆ ಎಚ್‌ಟಿಟಿಪಿ ಅನ್ನುತ್ತಾರೆ, 1996ರಲ್ಲಿ ಪ್ರಕಟವಾದ ಅದರ ದಾಖಲೆಯಲ್ಲಿ ಒಂದೇ ಆರ್ ಇದೆ. ಅಷ್ಟು ಹೊತ್ತಿಗೆ ಎಲ್ಲರ ಬ್ರೌಸರು, ಸರ್ವರು ಆ ತಪ್ಪು ಕಾಗುಣಿತವನ್ನೇ ನಂಬಿ ನಡೆಯುತ್ತಿದ್ದವು. ತಿದ್ದಿದರೆ ಎಲ್ಲಾ ಕೆಡುತ್ತದೆ. ಹಾಗಾಗಿ ಇವತ್ತಿಗೂ ನಿಮ್ಮ ಫೋನು ಎಲ್ಲಿಂದ ಬಂದದ್ದು ಅಂತ ಹೇಳುವಾಗೆಲ್ಲಾ ಆ ತಪ್ಪು ಸ್ಪೆಲಿಂಗನ್ನೇ ಕಳಿಸುತ್ತದೆ. ನನ್ನ ಕೋಡಿಯ ಕಥೆ ಗೊತ್ತಾದ ಮೇಲೆ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಲಾಗ್‌ನಲ್ಲೂ ಈಗ ಮೊದಲಿನಷ್ಟು ಸಿಗಲ್ಲ. 2020ರಲ್ಲಿ ಕ್ರೋಮ್, 2021ರಲ್ಲಿ ಫೈರ್‌ಫಾಕ್ಸ್ ನಿಯಮ ಬದಲಾಯಿಸಿದವು. ಬಂದದ್ದು ಯಾವ ಸೈಟಿನಿಂದ ಅಂತ ಮಾತ್ರ ಹೇಳುತ್ತವೆ, ಯಾವ ಪುಟದಿಂದ ಅಂತ ಹೇಳಲ್ಲ. ಊರಿನ ಹೆಸರು ಹೇಳಿ ಮನೆ ನಂಬರ್ ಹೇಳದ ಹಾಗೆ. ಓದುವವರ ಗುಟ್ಟು ಉಳಿಯಲಿ ಅಂತ ಮಾಡಿದ್ದು, ತಪ್ಪು ಅನ್ನಲ್ಲ. ವಾಟ್ಸಾಪ್ ಆ್ಯಪ್‌ನಲ್ಲಿ ಲಿಂಕ್ ಒತ್ತಿ ಬಂದವರದ್ದು ಸಾಮಾನ್ಯವಾಗಿ ಖಾಲಿ. ನಮ್ಮ ಕಡೆ ಅರ್ಧ ಪ್ರಪಂಚ ವಾಟ್ಸಾಪ್‌ನಲ್ಲೇ ಇರುವಾಗ ಆ ಅರ್ಧ ಕಾಣೋದೇ ಇಲ್ಲ. ಇನ್ನು ಲಾಗ್‌ನಲ್ಲೂ ಸುಳ್ಳು ಹೆಸರು ಬಿಟ್ಟು ಹೋಗುವ ರೋಬೋಟ್‌ಗಳಿವೆ, ಕುತೂಹಲಕ್ಕೆ ನಾವು ಅವರ ಸೈಟ್ ತೆರೆಯಲಿ ಅಂತ. ತೆರೆಯಬೇಡಿ. ಸೈಟಿನ ಹೆಸರನ್ನು ಸುಮ್ನೆ ಗೂಗಲ್‌ನಲ್ಲಿ ಹಾಕಿ ಮೊದಲು ವಿಚಾರಿಸಿ.

ಇಷ್ಟಾದರೂ ಲಾಗ್‌ನಿಂದ ಎರಡು ಒಳ್ಳೆಯವು ಸಿಕ್ಕವು. ಒಂದು ಶಾಲೆಯ ಮೇಷ್ಟರು ಮಕ್ಕಳ ಪ್ರಾಜೆಕ್ಟ್‌ಗೆ ಅಂತ ಹಾಕಿದ್ದ ಪುಟ, ಇನ್ನೊಂದು ಚಾರಣಿಗರ ಗುಂಪಿನದು. ಮೂರು ಟೂಲ್‌ಗಳಲ್ಲೂ ಇವು ಇರಲಿಲ್ಲ.

ಲಾಗ್ ನೋಡುವಾಗಲೇ ಇನ್ನೊಂದು ರೋಗ ಗೊತ್ತಾಯಿತು. ಇದು ಕನ್ನಡದಂಥ ಲಿಪಿಯವರಿಗೆ ಬರುವ ರೋಗ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಹಳೇ ಪುಟಗಳ ವಿಳಾಸ ಕನ್ನಡದಲ್ಲೇ ಇತ್ತು, ಅಭಿಮಾನ. ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಪರ್ಸೆಂಟ್ ಗುರುತುಗಳ ಮೆರವಣಿಗೆ ಆಗುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ, ಅಂದರೆ ಅಕ್ಷರಕ್ಕೂ ಅದರ ಮೇಲಿನ ಗುಣಿತಕ್ಕೂ ಬೇರೆ ಬೇರೆಯಾಗಿ, ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು. ವಿಳಾಸದಲ್ಲಿ ಒಂದು ಬೈಟ್‌ಗೆ ಮೂರು ಅಕ್ಷರ. ಹಾಗಾಗಿ ಒಂದು ಚಿಹ್ನೆಗೆ ಒಂಬತ್ತು. 'ಕೆರೆ' ಅಂತ ಬರೆದರೆ ನಾಲ್ಕು ಚಿಹ್ನೆ, ಮೂವತ್ತಾರು ಅಕ್ಷರ! ನಾನು ಸೈಟ್ ಮಾಡಿರುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ವಿಳಾಸದಲ್ಲಿ ಪುಟದ ಹೆಸರಿಗೆ ಕೊಡುವ ಜಾಗ 200 ಅಕ್ಷರ, ಅಂದರೆ ಇಪ್ಪತ್ತೆರಡು ಚಿಹ್ನೆಗೇ ಮುಗಿಯಿತು, ಉಳಿದ ಹೆಸರನ್ನು ಅದೇ ಕತ್ತರಿಸಿ ಬಿಸಾಕುತ್ತದೆ. ಅಷ್ಟುದ್ದದ ವಿಳಾಸವನ್ನು ಜನ ಪೇಸ್ಟ್ ಮಾಡುವಾಗ ಬಾಲ ತುಂಡಾಗುತ್ತದೆ. ನನಗೆ ಲಿಂಕ್ ಹಾಕಿದ್ದ ನಾಲ್ಕು ಕಡೆ ಹೀಗೇ ಆಗಿತ್ತು. ಅವರು ಒಳ್ಳೇ ಮನಸ್ಸಿನಿಂದ ಹಾಕಿದ್ದಾರೆ, ಒತ್ತಿದವರಿಗೆ ಪುಟ ಸಿಗಲಿಲ್ಲ ಅನ್ನುವ 404. ಅವರನ್ನು ಕಾಡುವ ಬದಲು ನನ್ನ ಕಡೆಯಿಂದಲೇ ಆ ತುಂಡು ವಿಳಾಸಗಳನ್ನು ಸರಿಯಾದ ಪುಟಕ್ಕೆ ತಿರುಗಿಸಿದೆ, ಇದಕ್ಕೆ 301 ರೀಡೈರೆಕ್ಟ್ ಅನ್ನುತ್ತಾರೆ. ಈಗ ಹೊಸ ಪುಟಗಳ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಗಿಡ್ಡವಾಗಿ ಬರೆಯುತ್ತೇನೆ. ಬೇಜಾರಿದೆ, ಆದರೆ ಲಿಂಕ್ ಉಳಿಯಬೇಕಲ್ಲ.

ವಿಕಿಪೀಡಿಯದ ಭಯ ಬೇರೆ ಇತ್ತು. ಅಲ್ಲಿ ಒಂದು ಸಲ ತಪ್ಪು ಸೇರಿದರೆ ಎಲ್ಲಾ ಕಡೆ ಹರಡುತ್ತದೆ. ಅದೃಷ್ಟಕ್ಕೆ ವಿಕಿಪೀಡಿಯದಲ್ಲಿ ವಿಶೇಷ ಪುಟಗಳು ಅನ್ನುವ ಕಡೆ, ಹೊರಗಿನ ಒಂದು ಸೈಟಿಗೆ ಎಲ್ಲೆಲ್ಲಿ ಲಿಂಕ್ ಇದೆ ಅಂತ ಹುಡುಕುವ ಪುಟವೇ ಇದೆ. ಲಿಂಕ್‌ಸರ್ಚ್ ಅಂತ. ಕನ್ನಡಕ್ಕೆ ಬೇರೆ, ಇಂಗ್ಲಿಷಿಗೆ ಬೇರೆ, ಎರಡೂ ಕಡೆ ನೋಡಬೇಕು. ನೋಡಿದೆ. ಒಂದೂ ಇರಲಿಲ್ಲ. ನಿಟ್ಟುಸಿರು ಬಿಟ್ಟೆ. ಐದು ನಿಮಿಷ ಆದ ಮೇಲೆ, ಒಬ್ಬರೂ ನನ್ನನ್ನು ಉಲ್ಲೇಖಿಸಿಲ್ವಲ್ಲಾ ಅಂತ ಸಣ್ಣಗೆ ಹೊಟ್ಟೆ ಉರಿಯಿತು, ಅದೂ ನಿಜ.

ಕೊನೆಗೆ ಲಿಂಕ್ ಹಾಕದೆ ಎತ್ತಿಕೊಂಡವರು. ಇವರನ್ನು ಯಾವ ಟೂಲೂ ತೋರಿಸಲ್ಲ, ಯಾಕೆಂದರೆ ಲಿಂಕೇ ಇಲ್ಲ. ನಮ್ಮ ಪುಟದ ಒಂದು ವಿಚಿತ್ರ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಬೇಕು. ನನ್ನ ಅದೃಷ್ಟ, ಆ ಪುಟದಲ್ಲಿ ಒಂದು ಕಡೆ 'ಕೋಡಿ' ಅನ್ನುವ ಕಡೆ 'ಕೊಡಿ' ಅಂತ ಟೈಪ್ ಮಾಡಿದ್ದೆ. 'ಕೆರೆಯ ಕೊಡಿ ಹರಿದರೆ' ಅಂತ ಹುಡುಕಿದರೆ ಮೂರು ಸೈಟ್ ಸಿಕ್ಕವು. ನನ್ನ ಕಾಗುಣಿತದ ತಪ್ಪನ್ನೂ ಬಿಡದೆ ಎತ್ತಿದ್ದಾರೆ. ಕದ್ದ ದನಕ್ಕೆ ಬರೆ ಹಾಕಿಟ್ಟ ಹಾಗೆ ಆಯಿತು. ನುಡಿಯಂಥ ಹಳೇ ಫಾಂಟ್‌ಗಳಲ್ಲಿ ಯೂನಿಕೋಡ್ ಇಲ್ಲದೆ ಮಾಡಿದ ಪುಟ, ಪಿಡಿಎಫ್‌ಗಳು ಮಾತ್ರ ಈ ಹುಡುಕಾಟಕ್ಕೂ ಸಿಗಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ಡಿಟಿಪಿ ಅಂಗಡಿಯವನಾಗಿ ಈ ಪಾಪದಲ್ಲಿ ನನ್ನ ಪಾಲೂ ಇದೆ.

ಎರಡು ವಾರ ಅಂಗಡಿ ಮುಚ್ಚಿದ ಮೇಲೆ ಕೂತು ಸೋಸಿದೆ. ಆ ಪುಟಕ್ಕೆ ನಿಜವಾಗಿ ಲಿಂಕ್ ಹಾಕಿದ್ದವರು ಒಂಬತ್ತು ಜನ, ಲಿಂಕ್ ಇಲ್ಲದೆ ಎತ್ತಿದ್ದವರು ಮೂರು. ಹನ್ನೆರಡು ಮಂದಿಗೂ ಬರೆದೆ. ನಾನು ಬರೆದದ್ದು ತಪ್ಪು, ಕೋಡಿ ಪಡುವಲಕ್ಕೆ, ದಯವಿಟ್ಟು ತಿದ್ದಿಕೊಳ್ಳಿ, ಇಷ್ಟೇ. ಮೇಷ್ಟರು ಒಂದೇ ಗಂಟೆಯಲ್ಲಿ ಉತ್ತರಿಸಿದರು, ಮಕ್ಕಳನ್ನೇ ಒಂದು ದಿನ ಕೆರೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ಚಾರಣಿಗರು ತಿದ್ದಿದರು. ಎತ್ತಿದ್ದ ಮೂವರಲ್ಲಿ ಒಬ್ಬರು, ಇದು ನಮ್ಮ ಸ್ವಂತ ಸಂಶೋಧನೆ, ನೀವ್ಯಾರು ಕೇಳೋಕೆ ಅಂದರು. ಆಯ್ತು ಸ್ವಾಮಿ, ತಪ್ಪೂ ನಿಮ್ಮದೇ ಇರಲಿ ಅಂತ ಬಿಟ್ಟೆ.

ಯುವಕರ ಸಂಘದವರಿಗೆ ಮೇಲ್ ಮಾಡಲು ಮನಸ್ಸು ಬರಲಿಲ್ಲ, ಫೋನ್ ಮಾಡಿದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮೂರ ಹಿರಿಯರು ಮೊದಲೇ ಹೇಳಿದ್ರು ಅಣ್ಣಾ, ನಾವೇ ವೆಬ್‌ಸೈಟ್ ನೋಡಿ ಅವರ ಬಾಯಿ ಮುಚ್ಚಿಸಿದ್ವಿ," ಅಂದ. ನಾನು ಏನೂ ಹೇಳಲಿಲ್ಲ. ಆಮೇಲೆ ಅವನೇ, ಹಾಗಾದರೆ ನಮ್ಮ ಕೆರೆಗೆ ನಿಜವಾಗಿ ಎಲ್ಲಿಂದ ನೀರು ಬರುತ್ತೆ, ಬಂದು ನೋಡ್ತೀರಾ ಅಂತ ಕೇಳಿದ. ಹೋಗಿದ್ದೆ. ಆ ಪುಟ ಇನ್ನೂ ಬರೆಯುತ್ತಿದ್ದೇನೆ, ಈ ಸಲ ಹಿರಿಯರನ್ನು ಕೇಳಿಕೊಂಡು.

ಈಗ ತಿಂಗಳಿಗೊಂದು ಭಾನುವಾರ ಪಟ್ಟಿ ತೆಗೆದು ನೋಡುತ್ತೇನೆ, ಅರ್ಧ ಗಂಟೆ ಸಾಕು. ಹೋದ ಸಲ ಹೊಸದೊಂದು ಬಂದಿತ್ತು, ತಮಿಳಿನ ಪುಟ, ವೆಲ್ಲೂರು ಕಡೆಯ ಯಾರೋ ಪಾಲಾರ್ ನದಿಯ ಬಗ್ಗೆ ಬರೆದದ್ದು. ನಮ್ಮ ಕಡೆಯಿಂದ ಪಾಲಾರ್ ಆಂಧ್ರ ದಾಟಿ ಅಲ್ಲಿಗೇ ತಾನೇ ಹೋಗೋದು. ನನಗೆ ತಮಿಳು ಓದೋಕೆ ಬರಲ್ಲ. ಟ್ರಾನ್ಸ್‌ಲೇಟ್‌ಗೆ ಹಾಕಿ, ಒಂದೊಂದೇ ಸಾಲು ನೋಡುತ್ತಾ ಬಂದೆ. ನನ್ನ ಲಿಂಕ್ ಇದ್ದ ಸಾಲಿನಲ್ಲಿ ಕೋಡಿ ಪಡುವಲಕ್ಕೆ ಅಂತಲೇ ಇತ್ತು.